ಅವಳಿಗೆ ಹೇಳಬೇಡಿ

ಬೆಳಕು ಹರಿಯುವ ಮೊದಲು ಅವಳು ಮಾಡುವ ಕೆಲಸಗಳು ಇವು. ಹಾಸಿಗೆಯಲ್ಲೇ ಕೂತು ಕಾಲಿನ ಬಾವನ್ನು ಹೆಬ್ಬೆರಳಿನಿಂದ ಒತ್ತಿ ನೋಡುವುದು. ಗುಳಿ ಬೇಗ ತುಂಬಿಕೊಂಡರೆ ಒಳ್ಳೆಯ ದಿನ. ಅತ್ತೆಯ ಬೆಡ್‌ಪ್ಯಾನ್ ತೊಳೆದು ಕವುಚಿಡುವುದು, ಅವರನ್ನು ಮಗ್ಗುಲು ಬದಲಿಸಿ ಬೆನ್ನಿಗೆ ಪೌಡರು ಹಾಕುವುದು. ನಲ್ಲಿ ನಿಲ್ಲುವುದರೊಳಗೆ ಡ್ರಮ್ಮು, ಬಕೆಟ್ಟು, ಬಿಂದಿಗೆ, ಕೊನೆಗೆ ಹಾಲಿನ ಪಾತ್ರೆಯನ್ನೂ ಬಿಡದೆ ತುಂಬಿಸುವುದು. ಗಂಡನಿಗೊಂದು ಡಬ್ಬಿ, ಭಾವನಿಗೊಂದು, ಮಗಳಿಗೊಂದು, ತನಗೂ ಓರಗಿತ್ತಿಗೂ ಸೇರಿ ಒಂದು. ಭಾವನಿಗೆ ಖಾರ ಬೇಕು, ಗಂಡನಿಗೆ ಬೇಡ, ಅತ್ತೆಗೆ ಎಲ್ಲವನ್ನೂ ಹಿಸುಕಿ ಕೊಡಬೇಕು. ಹೀಗಾಗಿ ಒಂದೇ ತರಕಾರಿ ಮೂರು ಪಾತ್ರೆಗಳಲ್ಲಿ ಬೇಯುತ್ತದೆ, ಆಮೇಲೆ ಆ ಮೂರೂ ತೊಳೆಯಲು ಬೀಳುತ್ತವೆ. ಟೈರ್ ಅಂಗಡಿಯಲ್ಲಿ ದುಡಿಯುವ ಗಂಡನ ಅಂಗಿಯ ಕಾಲರಿನಿಂದ ಗ್ರೀಸು ಉಜ್ಜುವುದು. ಮಗಳನ್ನು ಎಬ್ಬಿಸುವುದು, ಮತ್ತೆ ಎಬ್ಬಿಸುವುದು. ಎಲ್ಲ ಆದ ಮೇಲೆ, ರಕ್ತದೊತ್ತಡದ ಮಾತ್ರೆಯನ್ನು ತರಕಾರಿ ಚಾಕುವಿನಿಂದ ಎರಡು ಹೋಳು ಮಾಡಿ ಒಂದನ್ನು ನುಂಗಿ ಇನ್ನೊಂದನ್ನು ನಾಳೆಗೆ ಎತ್ತಿಡುವುದು.

ಕೊನೆಯ ಕೆಲಸ ಮಾತ್ರ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಾತ್ರೆ ಅರ್ಧ ಮಾಡಿದರೆ ತಿಂಗಳ ಔಷಧಿ ಎರಡು ತಿಂಗಳು ಬರುತ್ತದೆ, ಉಳಿದ ದುಡ್ಡು ಸಾಲದ ಕಂತಿಗೆ ಆಗುತ್ತದೆ ಎಂಬುದು ಅವಳೊಬ್ಬಳ ಲೆಕ್ಕಾಚಾರ.

ಅವಳನ್ನು ಎಲ್ಲರೂ ಚಿಕ್ಕವಳು ಎನ್ನುತ್ತಿದ್ದರು. ಆ ಮನೆಗೆ ಕಿರಿಯ ಸೊಸೆಯಾಗಿ ಬಂದ ದಿನ ಅಂಟಿದ ಹೆಸರು. ತಲೆಯ ಅರ್ಧ ಕೂದಲು ನೆರೆತ ಮೇಲೂ ಬಿಡಲಿಲ್ಲ. ಹಿರಿಯ ಸೊಸೆ ದೊಡ್ಡವಳು. ಇಬ್ಬರೂ ಒಂದೇ ಲಾಂಡ್ರಿಯಲ್ಲಿ ಹಾಸುಬಟ್ಟೆ ಮಡಿಚುವ ಕೆಲಸ ಮಾಡುತ್ತಿದ್ದರು. ಲಾಡ್ಜುಗಳಿಂದಲೂ ನರ್ಸಿಂಗ್ ಹೋಮುಗಳಿಂದಲೂ ಬರುವ ಬಿಳಿಯ ಹಾಸುಗಳು ಒಗೆದು, ಒಣಗಿ, ಬಿಸಿ ಉರುಳೆಗಳ ನಡುವೆ ಹಾದು ಹೊರಬರುತ್ತವೆ. ಆಮೇಲಿನದು ಇಬ್ಬರ ಕೆಲಸ. ಎದುರುಬದುರು ನಿಂತು ನಾಲ್ಕು ತುದಿ ಹಿಡಿಯಬೇಕು, ಒಂದು ಸಲ ಜಾಡಿಸಬೇಕು, ತುದಿಗೆ ತುದಿ ಸೇರಿಸುತ್ತ ಒಬ್ಬರತ್ತ ಒಬ್ಬರು ನಡೆದು ಬರಬೇಕು. ಕೂಲಿ ಜೋಡಿಗೆ, ಹಾಸಿನ ಲೆಕ್ಕ ಬರೆಯುವ ಚೀಟಿಯೂ ಜೋಡಿಗೇ ಒಂದು. ಒಬ್ಬಳು ಬರದಿದ್ದರೆ ಇನ್ನೊಬ್ಬಳಿಗೂ ಆ ದಿನ ಕೂಲಿಯಿಲ್ಲ. ಲಾಂಡ್ರಿಯ ಮೇಸ್ತ್ರಿ ಇವರಿಬ್ಬರನ್ನು ಜೋಡೆತ್ತು ಎಂದು ಕರೆಯುತ್ತಿದ್ದ. ದೊಡ್ಡವಳು ತಿರುಗಿ, "ನಾವು ಎತ್ತಾದ್ರೆ ನೀನು ಬಾರುಕೋಲು ಅಲ್ಲಪ್ಪಾ, ಬರೀ ಗಾಡಿ ಮೇಲಿನ ಹೊರೆ" ಎನ್ನುತ್ತಿದ್ದಳು. ಹೆಂಗಸರೆಲ್ಲ ನಗುತ್ತಿದ್ದರು.

ದೊಡ್ಡವಳ ಬಾಯಿ ಹಾಗೆಯೇ, ಕೈಯೂ ಹಾಗೆಯೇ ಚುರುಕು. ಚಿಕ್ಕವಳಿಗೆ ಗರ್ಭಕೋಶ ತೆಗೆದಾಗ ಆಸ್ಪತ್ರೆಯಲ್ಲಿ ಜೊತೆಗಿದ್ದವಳು ಅವಳು. ಮನೆಗೆ ಬಂದ ಮೇಲೆ ಹೊಲಿಗೆ ಒಣಗುವವರೆಗೆ ಮೈ ಒರೆಸಿದವಳು, ತಲೆ ಬಾಚಿದವಳು ಅವಳು. ಆ ಮನೆಯಲ್ಲಿ ಚಿಕ್ಕವಳಿಗೆ "ನೀನು ಕೂತ್ಕೋ, ನಾನು ಮಾಡ್ತೀನಿ" ಎಂದು ಹೇಳಿದ ಒಂದೇ ಬಾಯಿ ಅದು. ಹೊಲಿಗೆ ಒಣಗಿದ ಮರುದಿನದಿಂದ ಆ ಮಾತು ನಿಂತುಹೋಯಿತು, ನಿಜ. ಆದರೂ ಒಮ್ಮೆ ಕೇಳಿದ್ದು ಕಿವಿಯಲ್ಲಿ ಉಳಿದಿತ್ತು.

ಸಾಲ ಬಂದದ್ದು ಆ ಆಪರೇಷನ್ನಿಗೆ. ಬೀದಿಯ ಹೆಂಗಸರ ಸಾಲದ ಗುಂಪಿನಲ್ಲಿ ಓರಗಿತ್ತಿಯರಿಬ್ಬರೂ ಸದಸ್ಯರು. ಗುಂಪಿನಲ್ಲಿ ಯಾರಿಗೆ ಸಾಲ ಕೊಟ್ಟರೂ ಉಳಿದವರೆಲ್ಲ ಹೊಣೆ. ಒಬ್ಬಳು ತಪ್ಪಿದರೆ ಆ ವಾರ ಉಳಿದವರು ಕೈಯಿಂದ ಹಾಕಬೇಕು. ಚಿಕ್ಕವಳ ಹೆಸರಿಗೆ ಬಂದ ದುಡ್ಡಿನಲ್ಲಿ ಆಸ್ಪತ್ರೆಗೆ ಹೋದದ್ದು ಅರ್ಧ. ಇನ್ನರ್ಧದಲ್ಲಿ ಸೋರುತ್ತಿದ್ದ ಮಾಡಿಗೆ ಶೀಟು ಬಂತು, ಭಾವನ ಯಾವುದೋ ಹಳೆಯ ಕೈಸಾಲ ತೀರಿತು, ಹಾಲ್‌ಗೆ ಫ್ಯಾನು ಬಂತು. ಫ್ಯಾನಿನ ಕೆಳಗೆ ಗಂಡಸರಿಬ್ಬರು ಊಟಕ್ಕೆ ಕೂರುತ್ತಿದ್ದರು. ಆ ಮನೆಯಲ್ಲಿ ಎಲ್ಲವೂ "ನಮ್ಮದು": ನಮ್ಮ ಮಾಡು, ನಮ್ಮ ಫ್ಯಾನು, ನಮ್ಮ ಗ್ಯಾಸು. ಸಾಲ ಮಾತ್ರ "ನಿನ್ನದು". "ನಿನ್ನ ಸಾಲದ ಕಂತು ಕಟ್ಟಿದ್ಯಾ?" ಎಂದು ಗಂಡ ಕೇಳುತ್ತಿದ್ದದ್ದು, ನಿನ್ನ ಚಪ್ಪಲಿ ಒಳಗೆ ಇಟ್ಟಿದ್ಯಾ ಎಂದು ಕೇಳಿದ ಹಾಗೆ.

ಆಪರೇಷನ್ ಆಗಿ ವರ್ಷ ಕಳೆಯುವುದರೊಳಗೆ ತಲೆ ಸುತ್ತತೊಡಗಿತು. ಒಂದು ದಿನ ಹಾಸಿನ ತುದಿ ಹಿಡಿದುಕೊಂಡೇ ಕುಸಿದಳು. ಆಸ್ಪತ್ರೆಯ ಡಾಕ್ಟರು ತೋಳಿಗೆ ಪಟ್ಟಿ ಕಟ್ಟಿ ನೋಡಿ ಗಂಡನನ್ನು ಒಳಗೆ ಕರೆದರು. ಅವಳು ಅಲ್ಲೇ ಕೂತಿದ್ದರೂ ಅವರು ಮಾತಾಡಿದ್ದು ಅವನೊಂದಿಗೆ. "ಬಿಪಿ ತುಂಬಾ ಇದೆ. ಮಾತ್ರೆ ತಪ್ಪಿಸಬಾರದು. ಕೆಲಸ ಕಡಿಮೆ ಮಾಡಿಸಿ. ಉಪ್ಪು ಕಡಿಮೆ. ಯಾವ ಟೆನ್ಷನ್ನೂ ಕೊಡಬೇಡಿ."

ನಾಲ್ಕು ಸಲಹೆಗಳಲ್ಲಿ ಮನೆಯವರು ಒಂದನ್ನು ಆರಿಸಿಕೊಂಡರು. ಉಪ್ಪು ಕಡಿಮೆಯಾದರೆ ಎಲ್ಲರ ನಾಲಿಗೆಗೂ ಕಷ್ಟ. ಕೆಲಸ ಕಡಿಮೆಯಾದರೆ ಅದು ಇನ್ನೊಬ್ಬರ ಮೈಮೇಲೆ ಬೀಳುತ್ತದೆ. ಟೆನ್ಷನ್ ಕೊಡದಿರುವುದಕ್ಕೆ ಖರ್ಚೂ ಇಲ್ಲ, ಶ್ರಮವೂ ಇಲ್ಲ. ಬಾಯಿ ಮುಚ್ಚಿಕೊಂಡರೆ ಸಾಕು. ಅಂದಿನಿಂದ "ಅವಳಿಗೆ ಹೇಳಬೇಡಿ" ಎಂಬುದು ಮನೆಯ ಕಾನೂನಾಯಿತು. ಕರೆಂಟ್ ಬಿಲ್ಲು ಬಾಕಿಯಾದದ್ದನ್ನು ಅವಳಿಗೆ ಹೇಳಲಿಲ್ಲ. ಒಂದು ಸಂಜೆ ದೀಪ ಆರಿದಾಗ ತಿಳಿಯಿತು. ಮಗಳು ಗಣಿತದಲ್ಲಿ ಫೇಲಾದದ್ದನ್ನು ಹೇಳಲಿಲ್ಲ. ಅವಳ ಸೋದರತ್ತೆ ತೀರಿಕೊಂಡ ಸುದ್ದಿಯನ್ನು, ಮಣ್ಣು ಮಾಡಿ ಎಲ್ಲರೂ ಅವರವರ ಮನೆಗೆ ಹೋದ ಮೇಲೆ ಹೇಳಿದರು. "ನಿನಗೆ ಮೊದಲೇ ಹೇಳಿದ್ರೆ ಅಲ್ಲೇ ಬಿದ್ದುಬಿಡ್ತಿದ್ದೆ" ಎಂದ ಗಂಡ, ತುಂಬ ದೊಡ್ಡ ಉಪಕಾರ ಮಾಡಿದವನಂತೆ. ಅವಳು ಅತ್ತಳು. "ನೋಡಿದ್ಯಾ?" ಎಂದು ಅವನು ಅಣ್ಣನ ಕಡೆ ತಿರುಗಿದ. "ಇದಕ್ಕೇ ಹೇಳ್ಬಾರದು ಅನ್ನೋದು."

ಮೂರು ಪಾತ್ರೆಯ ತರಕಾರಿ ಎರಡು ಪಾತ್ರೆಯಾಗಲಿಲ್ಲ. ಬೆಡ್‌ಪ್ಯಾನು ಇನ್ನೊಬ್ಬರ ಕೈಗೆ ಹೋಗಲಿಲ್ಲ.

ಕಂತಿನ ಸಭೆಗೂ ಅವಳು ಹೋಗಬಾರದೆಂದು ತೀರ್ಮಾನವಾದದ್ದು ಆಗಲೇ. ವಾರಕ್ಕೊಮ್ಮೆ ಗುಂಪಿನ ಮುಖ್ಯಸ್ಥೆ ಟೈಲರಮ್ಮನ ಮನೆಯ ಮುಂದಿನ ಕೋಣೆಯಲ್ಲಿ ಚಾಪೆ ಹಾಸಿ ಸಭೆ. ಸಾಲದ ಕಂಪನಿಯಿಂದ ಒಬ್ಬ ಬರುತ್ತಾನೆ. ಅವನ ಹೆಸರು ಯಾರಿಗೂ ನೆನಪಿರಲಿಲ್ಲ. ಹೆಂಗಸರು ಕಂತಪ್ಪ ಎಂದಿಟ್ಟಿದ್ದರು, ಅವನೂ ಒಪ್ಪಿಕೊಂಡಿದ್ದ. ಯಾರದಾದರೂ ಕಂತು ಬರದಿದ್ದರೆ ಅಲ್ಲಿ ಬಾಯಿಗೆ ಬಾಯಿ ಹತ್ತುತ್ತದೆ, ಹಳೆಯದೆಲ್ಲ ಹೊರಗೆ ಬರುತ್ತದೆ. "ಅಲ್ಲಿ ಹೋಗಿ ನೀನು ಕೂತ್ರೆ ಬಿಪಿ ಮಾಡು ಹಾರಿಸಿಕೊಂಡು ಹೋಗುತ್ತೆ" ಎಂದಳು ದೊಡ್ಡವಳು. "ನನ್ನ ಕೈಗೆ ಕೊಡು. ಹೇಗೂ ನಾನು ಹೋಗ್ಲೇಬೇಕಲ್ಲ, ನಿನ್ನದೂ ಹಾಕಿ ಬರ್ತೀನಿ."

ಚಿಕ್ಕವಳ ಕಣ್ಣಲ್ಲಿ ನೀರು ಬಂತು. ತನ್ನ ಬಗ್ಗೆ ಇಷ್ಟು ಯೋಚಿಸುವವರು ಇದ್ದಾರಲ್ಲ ಎಂದುಕೊಂಡಳು. ವಾರವಾರ ಕಂತಿನ ನೋಟುಗಳನ್ನು ನಾಲ್ಕಾಗಿ ಮಡಿಚಿ ಓರಗಿತ್ತಿಯ ಕೈಗೆ ಹಾಕುತ್ತಿದ್ದಳು. ಉಳಿದ ಆ ಒಂದು ಗಂಟೆ ವಿಶ್ರಾಂತಿಗಾಗಲಿಲ್ಲ. ಅತ್ತೆಯ ತಲೆ ತೊಳೆಯುವುದಕ್ಕೆ ಅದೇ ಸರಿಯಾದ ಹೊತ್ತು ಎಂದು ಎಲ್ಲರಿಗೂ ಹೊಳೆಯಿತು. ಕೆಲವು ತಿಂಗಳು ಹೀಗೆ ನಡೆಯಿತು. ಬೀದಿಯ ಹೆಂಗಸರು ತನ್ನನ್ನು ಕಂಡರೆ ಮಾತು ನಿಲ್ಲಿಸುವುದನ್ನು ಅವಳು ಗಮನಿಸಿದ್ದಳು. ಕಾಯಿಲೆಯವಳು ಎಂಬ ಕನಿಕರವಿರಬೇಕು ಎಂದುಕೊಂಡಿದ್ದಳು.

ಮೊಟ್ಟೆಯಮ್ಮನಿಗೆ ಕನಿಕರ ಸ್ವಲ್ಪ ಕಡಿಮೆ. ಬೀದಿಯ ತಿರುವಿನಲ್ಲಿ ಮೊಟ್ಟೆ ಮಾರುವ ಆಕೆಯೂ ಗುಂಪಿನವಳೇ. ಒಂದು ಸಂಜೆ ಚಿಕ್ಕವಳು ಲಾಂಡ್ರಿಯಿಂದ ಬರುತ್ತ ಅತ್ತೆಗೆ ಒಂದೆರಡು ಮೊಟ್ಟೆ ಕೊಳ್ಳಲು ನಿಂತಳು.

"ನಿನಗಾ?" ಎಂದಳು ಮೊಟ್ಟೆಯಮ್ಮ.

"ಅತ್ತೆಗೆ. ನನಗೆ ಬಿಪಿ, ನಾನು ತಿನ್ನಲ್ಲ."

"ಹೌದೌದು. ಬಿಪಿ ಇರೋರು ಮೊಟ್ಟೆ ತಿನ್ನಬಾರದು. ಬೇರೆಯವರ ದುಡ್ಡು ತಿನ್ನಬಹುದು ಅಂತ ಯಾವ ಡಾಕ್ಟ್ರು ಬರಕೊಟ್ರು, ಅದನ್ನ ಹೇಳು."

ಚಿಕ್ಕವಳಿಗೆ ಅರ್ಥವಾಗಲಿಲ್ಲ. ಮೊಟ್ಟೆಯಮ್ಮ ಬುಟ್ಟಿಯ ಮೇಲೆ ಬಟ್ಟೆ ಎಳೆದಳು. ವ್ಯಾಪಾರ ಮುಗಿಯಿತು ಎಂಬಂತೆ.

"ಎಷ್ಟು ವಾರದಿಂದ ನಿನ್ನ ಕಂತು ನಾವು ಕೂಡಿ ಹಾಕ್ತಿದ್ದೀವಿ ಗೊತ್ತಾ? ನಿಮ್ಮಕ್ಕ ಪ್ರತಿ ಸಲ ಕಣ್ಣೀರು ಹಾಕ್ತಾಳೆ. ಅವಳ ಹತ್ರ ಇಲ್ಲ, ಕೇಳ್ಬೇಡಿ, ಸಾಲ ಅಂತ ಶಬ್ದ ಕೇಳಿದ್ರೆ ನೆಲಕ್ಕೆ ಬೀಳ್ತಾಳೆ, ಹೆಣದ ಪಾಪ ನಿಮಗೆ ಬರುತ್ತೆ ಅಂತಾಳೆ. ಹೆಣದ ಪಾಪ ಯಾರಿಗೆ ಬೇಕು, ಸುಮ್ಮನಿದ್ವಿ. ಈಗ ಕಂಪನಿಯವರು, ಇವಳ ಬಾಕಿ ತೀರೋವರೆಗೆ ಯಾರಿಗೂ ಹೊಸ ಸಾಲ ಇಲ್ಲ ಅಂದಿದ್ದಾರೆ. ನನ್ನ ಮಗಳ ಹೆರಿಗೆ ಹತ್ರ ಬಂತು. ಈಗ ನೀನು ಬಿದ್ರೆ ಬೀಳು, ನಾನು ಹೇಳೋದು ಹೇಳಿದೆ."

ಚಿಕ್ಕವಳು ಬೀಳಲಿಲ್ಲ. ಮೊಟ್ಟೆಯ ದುಡ್ಡು ಕೊಟ್ಟಳು, ಮೊಟ್ಟೆ ತೆಗೆದುಕೊಳ್ಳುವುದನ್ನು ಮರೆತಳು. ಮನೆಗೆ ಬಂದು ಎಂದಿನಂತೆ ಅಡುಗೆ ಮಾಡಿದಳು. ದೊಡ್ಡವಳು ಊಟಕ್ಕೆ ಕೂತಾಗ ಚಿಕ್ಕವಳು ಅವಳ ಮುಖ ನೋಡಿದಳು. ಏನೂ ಕಾಣಲಿಲ್ಲ. ಅನ್ನಕ್ಕೆ ಕೈ ಹಾಕುವ ಮುಖದಲ್ಲಿ ಏನು ಕಾಣುತ್ತದೆ?

ಮರುದಿನ ಲಾಂಡ್ರಿಯಲ್ಲಿ ಇಬ್ಬರ ನಡುವೆ ಹಾಸು ಚಾಚಿಕೊಂಡಾಗ ಅವಳು ಕೇಳಿದಳು. "ಅಕ್ಕಾ, ನನ್ನ ಕಂತು ಏನ್ಮಾಡಿದೆ?"

ದೊಡ್ಡವಳು ಹಾಸು ಜಾಡಿಸಿದಳು. ಎಂದಿಗಿಂತ ಜೋರಾಗಿ ಜಾಡಿಸಿದಳು. "ಯಾರು ಹೇಳಿದ್ದು?"

"ಏನ್ಮಾಡಿದೆ ಅಂತ ಕೇಳ್ದೆ."

"ತುದಿ ಎಳಿ, ಸುಕ್ಕು ಬರ್ತಿದೆ." ಇಬ್ಬರೂ ನಡೆದು ಬಂದರು, ಕೈಗೆ ಕೈ ತಾಗಿತು, ದೊಡ್ಡವಳು ಮಡಿಕೆಯನ್ನು ತೆಗೆದುಕೊಂಡಳು. ಅಷ್ಟು ಹತ್ತಿರದಿಂದ ಮೆಲ್ಲಗೆ ಹೇಳಿದಳು. "ವ್ಯಾನಿಗೆ ಕಟ್ಟಿದ್ವಿ."

ವ್ಯಾನು ಭಾವನದು. ತರಕಾರಿ ಸಾಗಿಸಲೆಂದು ಫೈನಾನ್ಸಿನಿಂದ ತಂದ ಹಳೆಯ ಗಾಡಿ. ಅದರ ಕಂತು ತಪ್ಪಿದರೆ ಎಳೆದುಕೊಂಡು ಹೋಗುತ್ತಾರೆ. "ಒಂದೆರಡು ತಿಂಗಳು ಅಂದ್ಕೊಂಡ್ವಿ. ಬಾಡಿಗೆ ಸರಿಯಾಗಿ ಸಿಕ್ಕಿದ ಕೂಡಲೇ ನಿನ್ನದನ್ನ ತುಂಬೋಣ ಅಂತ. ಎಲ್ಲಿ ಸಿಕ್ತು? ಮೊದಲು ಎಂಜಿನ್ ಹೋಯ್ತು, ಆಮೇಲೆ ಟೈರು."

"ಕೇಳಿದ್ರೆ ನಾನು ಕೊಡ್ತಿರಲಿಲ್ವಾ?"

"ಕೊಡ್ತಿದ್ದೆ. ಅದಕ್ಕೇ ಕೇಳಲಿಲ್ಲ. ಕೊಟ್ಟು ಆಮೇಲೆ ಒಬ್ಬಳೇ ಕೂತು ಕೊರಗ್ತಿದ್ದೆ. ನಿನಗೆ ಕೊರಗು ಆಗಬಾರದು ಅಂತ ಹೇಳಿದ್ದಾರಲ್ಲ."

ಮುಂದಿನ ಹಾಸು ಬಂತು. ಇಬ್ಬರೂ ತುದಿ ಹಿಡಿದರು. ಚೀಟಿ ಒಂದೇ ಆದ್ದರಿಂದ ಕೈಬಿಡುವಂತಿರಲಿಲ್ಲ.

"ಇವರಿಗೆ ಗೊತ್ತಾ?" ಇವರು ಎಂದರೆ ಗಂಡ.

ದೊಡ್ಡವಳು ತನ್ನ ತುದಿ ಎಳೆದಳು. ಚಿಕ್ಕವಳು ಹೆಜ್ಜೆ ಮುಂದಿಡದೆ ನಿಂತೇ ಇದ್ದಳು. ಹಾಸು ನಡುವೆ ಬಿಗಿಯಾಗಿ ನಿಂತಿತು. ಮೇಸ್ತ್ರಿ ದೂರದಿಂದ, "ಏನ್ರೀ ಜೋಡೆತ್ತು, ನೊಗ ಕಿತ್ತಾಡ್ತಿದ್ದೀರಾ?" ಎಂದ.

"ಹೀಗೆ ಮಾಡೋಣ ಅಂತ ಮೊದಲು ಹೇಳಿದ್ದೇ ನಿನ್ನ ಗಂಡ" ಎಂದಳು ದೊಡ್ಡವಳು. "ವ್ಯಾನಲ್ಲಿ ಅವನಿಗೂ ಪಾಲು ಅಂತ ಮಾತಾಗಿದೆ. ನಡಿ, ಮುಂದೆ ಬಾ, ಮೇಸ್ತ್ರಿ ನೋಡ್ತಿದ್ದಾನೆ."

ಚಿಕ್ಕವಳು ಮುಂದೆ ಬಂದಳು. ಆ ದಿನ ಇನ್ನೂ ಎಷ್ಟು ಹಾಸು ಮಡಿಚಿದರೋ, ಪ್ರತಿ ಹಾಸಿಗೂ ಅವಳ ಕೈ ಓರಗಿತ್ತಿಯ ಕೈಗೆ ತಾಗಲೇಬೇಕಿತ್ತು.

ಸಂಜೆ ಮನೆಯಲ್ಲಿ ಮಾತಾಯಿತು. ಮಾತಾಯಿತು ಎನ್ನುವುದಕ್ಕಿಂತ, ಅವಳ ಸುತ್ತ ಮೂರು ಜನ ಮಾತಾಡಿಕೊಂಡರು. ಅವಳು ಬಾಯಿ ತೆರೆದ ಕೂಡಲೇ ಗಂಡ ಒಂದು ಲೋಟ ನೀರು ತಂದು ಕೈಗಿಟ್ಟ. ಮದುವೆಯಾದಾಗಿನಿಂದ ಅವನು ಅವಳಿಗೆ ನೀರು ತಂದುಕೊಟ್ಟದ್ದು ಅದೇ ಮೊದಲು. "ಮೊದಲು ಮಾತ್ರೆ ತಗೋ. ಮುಖ ಕೆಂಪಾಗಿದೆ. ಇದಕ್ಕೇ ನಾನು ಹೇಳಬೇಡಿ ಅಂದಿದ್ದು."

"ಯಾವಾಗ ಹೇಳಬೇಕು ಅಂತಿದ್ರಿ?"

"ತೀರಿಸಿದ ಮೇಲೆ."

"ತೀರಿಸಿದ ಮೇಲೆ ಹೇಳೋದು ಏನಿರುತ್ತೆ?"

"ಅದೇ ಮತ್ತೆ. ಹೇಳೋದೇ ಇರ್ತಿರಲಿಲ್ಲ. ನಿನಗೆ ಯೋಚನೆಯೂ ಇರ್ತಿರಲಿಲ್ಲ." ಅವನು ಇದನ್ನು ನಂಬಿಯೇ ಹೇಳುತ್ತಿದ್ದ. ಅವಳಿಗೆ ಹೆಚ್ಚು ಭಯವಾದದ್ದು ಅದಕ್ಕೆ.

ಭಾವ ಗೋಡೆ ನೋಡುತ್ತ ಹೊಸ ಉಪಾಯ ಹೇಳಿದ. ಬರುವ ಸಭೆಯಲ್ಲಿ ಚಿಕ್ಕವಳ ಹೆಸರಿಗೆ ಇನ್ನೊಂದು, ಸ್ವಲ್ಪ ದೊಡ್ಡ ಸಾಲ. ಅದರಲ್ಲಿ ಹಳೆಯ ಬಾಕಿ ತೀರುತ್ತದೆ, ಗುಂಪಿನ ಹೆಂಗಸರ ಬಾಯಿ ಮುಚ್ಚುತ್ತದೆ, ಉಳಿದದ್ದರಲ್ಲಿ ವ್ಯಾನಿನ ಎಂಜಿನ್ ಸರಿಯಾಗುತ್ತದೆ. ಕಂತಪ್ಪನ ಹತ್ತಿರ ಮಾತಾಡಿಯಾಗಿದೆ, ಬಾಕಿಯನ್ನು ಅದರಲ್ಲೇ ಮುರಿದುಕೊಂಡು ಕೊಡಲು ಅವನು ಒಪ್ಪಿದ್ದಾನೆ. ದೊಡ್ಡವಳ ಹೆಸರಲ್ಲಿ ಆಗಲೇ ಎರಡು ಸಾಲ ಇರುವುದರಿಂದ ಅವಳಿಗೆ ಮೂರನೆಯದು ಕೊಡುವುದಿಲ್ಲ. "ನೀನು ಸಹಿ ಹಾಕಿದ್ರೆ ಸಾಕಮ್ಮ. ಕಟ್ಟೋದು ನಾವು."

"ಸಹಿ ಹಾಕದಿದ್ರೆ?"

ಒಳಗಿನ ಕೋಣೆಯಿಂದ ಅತ್ತೆ ಮಾತಾಡಿದರು. ಮೈ ಮಲಗಿದ್ದರೂ ಕಿವಿ ಎದ್ದೇ ಇರುತ್ತಿತ್ತು. "ಈ ಮನೆ ನನ್ನ ಹೆಸರಲ್ಲಿದೆ. ಗಂಡಸರ ಮಾನ ಬೀದಿಗೆ ಹಾಕೋರು ಬೀದೀಲೇ ಇರಲಿ." ಬೆಳಿಗ್ಗೆ ತಾನೇ ಇವಳ ಕೈಯಿಂದ ಬೆನ್ನಿಗೆ ಪೌಡರು ಹಾಕಿಸಿಕೊಂಡವರು ಅವರು.

ಮಗಳು ಬಾಗಿಲ ಹತ್ತಿರ ಪುಸ್ತಕ ಹಿಡಿದು ನಿಂತಿದ್ದಳು. ಪುಟ ತಿರುವುತ್ತಿರಲಿಲ್ಲ. ಚಿಕ್ಕವಳು ಅವಳನ್ನು ಅಡುಗೆಮನೆಗೆ ಕರೆದಳು. "ನಿನಗೂ ಗೊತ್ತಿತ್ತಾ?"

ಮಗಳು ಸಿಂಕಿನಲ್ಲಿದ್ದ ಪಾತ್ರೆಗಳನ್ನು ನೋಡಿದಳು. "ಅಪ್ಪ ಹೇಳ್ಬೇಡ ಅಂದ್ರು. ಹೇಳಿ ನಿಂಗೆ ಏನಾದ್ರೂ ಆದ್ರೆ ಅದು ನನ್ನಿಂದಲೇ ಆಗಿದ್ದು ಅಂತ ಆಗುತ್ತೆ ಅಂದ್ರು. ನಂಗೆ ಭಯ ಆಯ್ತು, ಅಮ್ಮಾ." ಆಮೇಲೆ, "ನೀನು ವಾರವಾರ ದೊಡ್ಡಮ್ಮನ ಕೈಗೆ ದುಡ್ಡು ಕೊಡೋವಾಗ ನಾನು ಹೊರಗೆ ಹೋಗ್ಬಿಡ್ತಿದ್ದೆ" ಎಂದಳು.

ಇದು ಉಳಿದೆಲ್ಲಕ್ಕಿಂತ ಆಳಕ್ಕೆ ಇಳಿಯಿತು. ಗಂಡ, ಭಾವ, ಓರಗಿತ್ತಿ. ಬೇಲಿಯೇ ಎದ್ದು ಹೊಲ ಮೇಯ್ದ ಕಥೆ, ಊರಲ್ಲಿ ಇಲ್ಲದ್ದೇನಲ್ಲ. ಆದರೆ ಮಗುವಿನ ತಲೆಯ ಮೇಲೆ ತಾಯಿಯ ಜೀವದ ಹೊರೆ ಹೊರಿಸಿ, ಹೊರಗೆ ನಿಲ್ಲಿಸಿ, ಬಾಯಿ ಹೊಲಿದಿದ್ದರಲ್ಲ. ಅವಳು ಮಗಳ ತಲೆ ಮುಟ್ಟಲು ಹೋದಳು. ಕೈ ಅರ್ಧಕ್ಕೆ ನಿಂತಿತು. ಸಿಟ್ಟು ಬಂದಿದ್ದು ಮಗಳ ಮೇಲೂ. ಅದನ್ನು ಅವಳು ತನ್ನಿಂದಲೇ ಮುಚ್ಚಿಡಲಿಲ್ಲ.

ಸಭೆಗೆ ಇನ್ನೂ ಸ್ವಲ್ಪ ದಿನ ಇತ್ತು. ನಡುವೆ ಒಂದು ದಿನ ಲಾಂಡ್ರಿಗೆ ಹೋಗದೆ ಅವಳು ಆಸ್ಪತ್ರೆಗೆ ಹೋದಳು. ಅಂದು ದೊಡ್ಡವಳ ಕೂಲಿಯೂ ಹೋಯಿತು, ಹೋಗಲಿ ಎಂದುಕೊಂಡಳು. ಯಾರಿಗೂ ಹೇಳದೆ ಹೋದದ್ದು ಅದೇ ಮೊದಲು. ಹೇಳದೆ ಮಾಡುವುದು ಎಷ್ಟು ಸುಲಭ ಎಂದು ದಾರಿಯಲ್ಲಿ ಅನ್ನಿಸಿತು.

ನರ್ಸು ತೋಳಿನ ಪಟ್ಟಿ ಬಿಚ್ಚುತ್ತ, "ಜೊತೆಗೆ ಯಾರು ಬಂದಿದ್ದಾರೆ?" ಎಂದಳು.

"ಯಾರೂ ಇಲ್ಲ."

"ಮನೆಯವರನ್ನ ಕರ್ಕೊಂಡು ಬನ್ನಿ. ಸ್ವಲ್ಪ ಹೇಳಬೇಕು."

"ನನಗೇ ಹೇಳಿ."

"ಅಲ್ಲಮ್ಮ, ನೀವು ಗಾಬರಿ ಆಗ್ತೀರಿ."

"ತೋಳು ನಂದು, ರಕ್ತ ನಂದು. ಗಾಬರಿನೂ ನನಗೇ ಇರಲಿ. ಹೇಳಿ."

ನರ್ಸು ಕುರ್ಚಿ ಎಳೆದುಕೊಂಡು ಕೂತಳು. ಒತ್ತಡ ಮೊದಲಿಗಿಂತ ಹೆಚ್ಚಾಗಿದೆ, ಕಾಲಿನ ಬಾವು ಮೂತ್ರಪಿಂಡದಿಂದ ಇರಬಹುದು, ಪರೀಕ್ಷೆ ಮಾಡಿಸಬೇಕು, ಹೀಗೇ ಬಿಟ್ಟರೆ ಒಂದು ದಿನ ಕೈಯೋ ಕಾಲೋ ಬಿದ್ದುಹೋಗಬಹುದು ಎಂದಳು. ಮಾತ್ರೆ ಹೇಗೆ ತಗೊಳ್ತೀರಿ ಎಂದು ಕೇಳಿದಳು. ಚಿಕ್ಕವಳು ಅರ್ಧದ ವಿಷಯ ಹೇಳಿದಳು.

"ಅರ್ಧ ಅಂತ ಯಾರು ಹೇಳಿದ್ರು?"

"ಯಾರೂ ಇಲ್ಲ. ಕಂತಿಗೆ ಸಾಲಲಿ ಅಂತ ನಾನೇ."

ಹೇಳುವಾಗಲೇ ಅವಳಿಗೆ ನಗು ಬಂತು. ನರ್ಸಿಗೆ ಕಾರಣ ಗೊತ್ತಾಗಲಿಲ್ಲ. ತನ್ನ ಮಾತ್ರೆಯ ಅರ್ಧ ಹೋಳುಗಳು ಒಂದೊಂದಾಗಿ ಸೇರಿ ಭಾವನ ವ್ಯಾನಿಗೆ ಟೈರಾಗಿದ್ದವು. ಅವಳು ಪರೀಕ್ಷೆಗೆ ರಕ್ತ ಕೊಟ್ಟು ಬಂದಳು.

ಆ ಮಧ್ಯಾಹ್ನವೇ ಟೈಲರಮ್ಮನ ಮನೆಗೆ ಹೋದಳು. ಟೈಲರಮ್ಮ ಮಶೀನಿನಿಂದ ಕಣ್ಣೆತ್ತದೆ, "ಸಹಿ ಹಾಕೋಕೆ ಒಪ್ಪಿದೆ ಅಂತ ನಿಮ್ಮಕ್ಕ ಹೇಳಿದ್ಲು. ಒಳ್ಳೇದಾಯ್ತು" ಎಂದಳು.

"ಒಂದು ಮಾತು ಕೇಳ್ಬೇಕಿತ್ತು. ಬಾಕಿಯನ್ನ ಬೇರೆಯವರ ಹೆಸರಿಗೆ ಹಾಕೋಕೆ ಆಗುತ್ತಾ?"

ಮಶೀನು ನಿಂತಿತು. "ದುಡ್ಡು ತಗೊಂಡೋಳು ಗುಂಪಿನವಳೇ ಆಗಿದ್ರೆ ಆಗುತ್ತೆ. ಆದರೆ ಕಿವಿಯಲ್ಲಿ ಹೇಳಿದ್ರೆ ಆಗಲ್ಲ. ಸಭೆಯಲ್ಲಿ, ಎಲ್ಲರ ಮುಂದೆ, ಅವಳ ಮುಖ ನೋಡಿ ಹೇಳಬೇಕು. ಹೆಚ್ಚು ಜನ ಕೈ ಎತ್ತಿದ್ರೆ ಬಾಕಿ ಅವಳ ತಲೆಗೆ ಹೋಗುತ್ತೆ. ಎತ್ತದಿದ್ರೆ ನಿನ್ನ ತಲೆಗೇ, ಜೊತೆಗೆ ಸುಳ್ಳು ಹೇಳಿದೆ ಅನ್ನೋ ಹೆಸರು ಬೇರೆ."

"ಯಾರು ಅಂತ ಕೇಳಲ್ವಾ?"

"ಕೇಳಲ್ಲ. ಕೇಳಿದ್ರೆ ನಾನು ಸಾಕ್ಷಿ ಆಗಬೇಕಾಗುತ್ತೆ." ಟೈಲರಮ್ಮ ಸೂಜಿಗೆ ದಾರ ಏರಿಸಿದಳು. "ಕೆಟ್ಟೋಳು ಅಂದ್ಕೋಬೇಡ. ಹಿಂದೆ ಒಬ್ಬಳು ಹೀಗೆ ನಿಂತು ಹೇಳಿದ್ಲು. ಅವಳ ಬಾಕಿ ತೀರ್ತು, ಮನೇನೂ ತೀರ್ತು. ಈಗ ಅಣ್ಣನ ಮನೆಯ ವರಾಂಡದಲ್ಲಿ ಮಲಗ್ತಾಳೆ. ಹೊಸ ಸಾಲಕ್ಕೆ ಸಹಿ ಹಾಕಿದ್ರೆ ನಿನಗೆ ಮನೆ ಉಳಿಯುತ್ತೆ, ನಮಗೂ ಸಾಲ ಸಿಗುತ್ತೆ. ಎಲ್ಲರಿಗೂ ಅದೇ ಸುಲಭ."

"ಎಲ್ಲರಿಗೂ" ಎಂದಳು ಚಿಕ್ಕವಳು.

ಟೈಲರಮ್ಮ ಮತ್ತೆ ಮಶೀನು ತುಳಿದಳು. ಅದರ ಸದ್ದಿನಲ್ಲೇ ಹೇಳಿದಳು. "ನಿನ್ನ ಉಳಿದ ಸಾಲವನ್ನ ಸಣ್ಣ ಕಂತು ಮಾಡಿಸಬಹುದು. ಆಸ್ಪತ್ರೆ ಚೀಟಿ ತೋರಿಸಿದ್ರೆ ಮಾಡ್ತಾರೆ. ವರ್ಷ ಜಾಸ್ತಿ ಆಗುತ್ತೆ, ಬಡ್ಡಿಯೂ ಜಾಸ್ತಿ. ಅದನ್ನ ಕಂತಪ್ಪ ತಾನಾಗಿ ಹೇಳಲ್ಲ. ನೀನೇ ಕೇಳಬೇಕು."

ಸಭೆಯ ದಿನ ಬಂತು. ದೊಡ್ಡವಳು ಅಂದು ಬೆಳಿಗ್ಗೆ ತಾನೇ ಎದ್ದು ನೀರು ತುಂಬಿಸಿದಳು. "ನೀನು ಕೂತ್ಕೋ, ನಾನು ಮಾಡ್ತೀನಿ" ಎಂದಳು. ಚಿಕ್ಕವಳು ಕೂತಳು. ಸುಖವಾಗಲಿಲ್ಲ. ಹೊಲಿಗೆಯ ನೋವಿನಲ್ಲಿ ಕೇಳಿದ ಆ ಮಾತಿಗೂ ಈಗಿನದಕ್ಕೂ ಸ್ವರ ಒಂದೇ ಇತ್ತು. ಅಂದರೆ ಅಂದಿನದೂ ಸುಳ್ಳೋ, ಇಂದಿನದೂ ನಿಜವೋ, ಈಗ ಹೇಳುವುದು ಹೇಗೆ? ಹಳೆಯ ಒಳ್ಳೆಯದನ್ನೂ ಇವಳು ಕೊಂಡೊಯ್ದಳಲ್ಲ ಎಂದುಕೊಂಡಳು.

ಟೈಲರಮ್ಮನ ಕೋಣೆಯಲ್ಲಿ ಹೆಂಗಸರು ಚಾಪೆಯ ಮೇಲೆ ಕೂತಿದ್ದರು. ಚಿಕ್ಕವಳು ಬಂದಾಗ ಮೊಟ್ಟೆಯಮ್ಮ ಸರಿದು ಜಾಗ ಮಾಡಿದಳು, ಮುಖ ಮಾತ್ರ ತಿರುಗಿಸಿಕೊಂಡಳು. ಗಂಡ ಬಾಗಿಲ ಹೊರಗೆ ಮೆಟ್ಟಿಲ ಹತ್ತಿರ ನಿಂತ. ಗಂಡಸರಿಗೆ ಸಭೆಯಲ್ಲಿ ಜಾಗವಿರಲಿಲ್ಲ, ಕಂತಪ್ಪನನ್ನು ಬಿಟ್ಟು.

"ಬನ್ನಿ ಬನ್ನಿ, ಬಹಳ ದಿನಕ್ಕೆ" ಎಂದ ಕಂತಪ್ಪ. "ಆರೋಗ್ಯ ಹೇಗಿದೆ? ಇಲ್ಲೊಂದು, ಇಲ್ಲೊಂದು ಸಹಿ. ಓದೋದೆಲ್ಲ ಬೇಡ, ತಲೆಗೆ ಶ್ರಮ. ಎಲ್ಲ ನಿಮ್ಮ ಭಾವನವರಿಗೆ ವಿವರಿಸಿದ್ದೀನಿ."

ದೊಡ್ಡವಳು ಪೆನ್ನಿನ ಮುಚ್ಚಳ ತೆಗೆದು ಅವಳ ಕೈಗಿಟ್ಟಳು. "ಹಾಕು ಚಿಕ್ಕೀ. ಹಾಕಿಬಿಡು, ಮನೆಗೆ ಹೋಗೋಣ."

ಚಿಕ್ಕವಳು ಪೆನ್ನು ಹಿಡಿದಳು. ಇದಕ್ಕೆ ಸಹಿ ಹಾಕಿದರೆ ಏನು ಸಿಗುತ್ತದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆ ಮನೆಯ ಮೂಲೆ, ಮೂರು ಪಾತ್ರೆ, ಬೆಡ್‌ಪ್ಯಾನು, ಮುಂದಿನ ಸಾಲಕ್ಕೆ ಮತ್ತೊಂದು ಸಹಿ. ಹಾಕದಿದ್ದರೆ ಏನು ಎಂಬುದು ಗೊತ್ತಿರಲಿಲ್ಲ. ಇಲ್ಲಿರುವವರು ಅವಳನ್ನು ನಂಬಬಹುದು, ನಂಬದಿರಬಹುದು. ತಿಂಗಳುಗಟ್ಟಲೆ ಕಣ್ಣೀರು ಹಾಕಿದವಳು ದೊಡ್ಡವಳು. ತಾನು ಮುಖವನ್ನೂ ತೋರಿಸಿದವಳಲ್ಲ. ಮಗಳೂ ಯಾರದೋ ವರಾಂಡದಲ್ಲಿ ಮಲಗಬೇಕಾಗಬಹುದು.

ಅವಳು ಪೆನ್ನನ್ನು ಕಂತಪ್ಪನ ಮುಂದೆ ಇಟ್ಟಳು.

"ಏನಾಯ್ತು, ತಲೆ ಸುತ್ತುತ್ತಿದೆಯಾ?" ಎಂದಳು ದೊಡ್ಡವಳು.

ಹೊರಗಿನಿಂದ ಗಂಡ ಒಳಗೆ ಬಗ್ಗಿ ನೋಡಿದ. "ಯಾಕೆ ನಿಲ್ಲಿಸಿದೆ? ಯೋಚನೆ ಮಾಡಬೇಡ."

"ಯೋಚನೆ ಮಾಡೋದು ಇನ್ನೇನೂ ಬಾಕಿ ಇಲ್ಲ" ಎಂದಳು ಅವಳು. ಚಾಪೆಯ ಮೇಲೆ ಕೈಯೂರಿ, ಊದಿದ ಕಾಲನ್ನು ಎಳೆದುಕೊಂಡು, ಓರಗಿತ್ತಿಗೆ ಎದುರಾಗಿ ತಿರುಗಿ ಕೂತಳು. ಎಷ್ಟೋ ವರ್ಷ ದಿನವಿಡೀ ನೋಡಿದ ಮುಖ. ಕಣ್ಣು ತಪ್ಪಿಸಿದ್ದು ದೊಡ್ಡವಳು.

"ನಾನು ಒಂದು ವಾರವೂ ಕಂತು ತಪ್ಪಿಸಿಲ್ಲ. ಪ್ರತಿ ವಾರ ಇವಳ ಕೈಗೆ ಕೊಟ್ಟಿದ್ದೀನಿ. ಅದು ವ್ಯಾನಿಗೆ ಹೋಗಿದೆ. ನನ್ನ ಗಂಡನಿಗೆ ಗೊತ್ತು, ಭಾವನಿಗೆ ಗೊತ್ತು. ನನಗೆ ಗೊತ್ತಿರಲಿಲ್ಲ, ನಿಮಗೂ ಗೊತ್ತಿರಲಿಲ್ಲ."

ಗಂಡ ಅವಳ ಹೆಸರು ಹಿಡಿದು ಕರೆದ. ಮನೆಯಲ್ಲಿ ಯಾರೂ ಬಳಸದ, ಮದುವೆಗೆ ಮೊದಲಿನ ಹೆಸರು. ಅವಳು ಆ ಕಡೆ ನೋಡಲಿಲ್ಲ.

"ಬಾಕಿ ಯಾರದು ಅಂತ ನೀವು ಹೇಳಿ" ಎಂದಳು ಹೆಂಗಸರಿಗೆ. ಆಮೇಲೆ ಕಂತಪ್ಪನ ಕಡೆ ತಿರುಗಿ ಸೆರಗಿನೊಳಗಿಂದ ಆಸ್ಪತ್ರೆಯ ಚೀಟಿ ತೆಗೆದಳು. "ನನ್ನ ಸಾಲ ಎಷ್ಟು ಉಳಿದಿದೆಯೋ ಅದನ್ನ ಸಣ್ಣ ಕಂತು ಮಾಡಿ. ಎಷ್ಟು ವರ್ಷ ಆದರೂ ಸರಿ, ನಾನೇ ಬಂದು ಕಟ್ತೀನಿ. ಇವರು ಕೈ ಎತ್ತಲಿ, ಬಿಡಲಿ, ಹೊಸದಕ್ಕೆ ಮಾತ್ರ ನಾನು ಸಹಿ ಹಾಕಲ್ಲ."